ಅಂಟು ಬಿಡದ ನೂಲು

ಹನೂರು
ಮಂಗಳವಾರ, ೫ ನವೆಂಬರ್ ೧೯೯೬

ನನ್ನ ಮೇಲೆ ಮುನಿಸಿಕೊಂಡಿರುವ ನನ್ನವರಿಗೆ,

ನಿಮ್ಮ ಯಶೋದ ಮಾಡುವ ನಮಸ್ಕಾರಗಳು. ‘ಇತ್ತ ನಾವೆಲ್ಲ ಕ್ಷೇಮ’ ಎಂದು ಶುರುಮಾಡುವುದು ರೂಢಿ. ಅವ್ವ ಕ್ಷೇಮ, ಎಮ್ಮೆ ಕ್ಷೇಮ, ಹಿತ್ತಲ ನುಗ್ಗೆಮರವಂತೂ ಅತಿ ಕ್ಷೇಮ. ನನ್ನೊಬ್ಬಳ ವಿಷಯ ಮಾತ್ರ ಒಂದು ಹಾಳೆಯಲ್ಲಿ ಹಿಡಿಯುವುದಿಲ್ಲ. ಅದಕ್ಕೇ ಲಕೋಟೆ ಇಷ್ಟು ದಪ್ಪ. ಒಳಗೆ ಬೇರೇನೋ ಇದೆಯೆಂದು ಆಸೆಪಡಬೇಡಿ, ಬರೀ ಮಾತು. ನಾನು ಮಾತಿನಲ್ಲಿ ಎಂದೂ ಬಡವಿಯಲ್ಲ ಎಂಬುದು ನಿಮಗೆ ಗೊತ್ತು. ಆಡಬೇಕಾದ ಒಂದು ಮಾತನ್ನು ಬಿಟ್ಟು ಮಿಕ್ಕದ್ದೆಲ್ಲ ಆಡಿದವಳು ನಾನು.

ಕಂಡಕ್ಟರ್ ಪುಟ್ಟಮಾದಪ್ಪನ ಬಾಯಲ್ಲಿ ನೀವು ಹೇಳಿಕಳಿಸಿದ್ದು ತಲುಪಿತು. ನನಗೊಬ್ಬಳಿಗೇ ಅಲ್ಲ, ಇಡೀ ಬಸ್ಸಿಗೆ ತಲುಪಿತು. ಬಸ್ಸು ನಿಲ್ಲಿಸಿ, ಫುಟ್‌ಬೋರ್ಡಿನ ಮೇಲೆ ನಿಂತು, ‘ಯಶೋದಕ್ಕೋ, ದೀಪಾವಳಿ ಒಳ್ಗೆ ಬರ್ದೇ ಓದ್ರೆ ನಿನ್ ಟ್ರಂಕ್ ಕಳುಸ್ಬುಡ್ತಾರಂತೆ ಕಣಕ್ಕೋ! ಲಗೇಜ್ ಚಾರ್ಜು ಯಾರ್ದು ಅಂತ ಈಗ್ಲೇ ಮಾತಾಡ್ಕಳಿ!’ ಎಂದು ಕೂಗಿ, ಸೀಟಿ ಊದಿ ಹೋದ. ಕಿಟಕಿಗಳಲ್ಲಿದ್ದ ತಲೆಗಳೆಲ್ಲ ನನ್ನ ಕಡೆ ತಿರುಗಿದವು. ನಾನು ನಕ್ಕೆ. ಒಳಗೆ ಬಂದು ನೀರು ಕುಡಿದೆ. ಆಮೇಲೆ ಪೆನ್ನು ಹುಡುಕಿದೆ.

ನಿಮ್ಮ ಸಿಟ್ಟು ನ್ಯಾಯವಾದದ್ದೇ. ಮದುವೆಯಾದ ಮೊದಲ ಆಷಾಢಕ್ಕೆ ಸೊಸೆ ತವರಿಗೆ ಹೋಗಬೇಕು, ಅತ್ತೆಸೊಸೆ ಒಂದೇ ಹೊಸ್ತಿಲು ತುಳಿಯಬಾರದು, ಸರಿ. ಈ ವರ್ಷ ಪಂಚಾಂಗದವರೂ ಧಾರಾಳಿಗಳು. ಅಧಿಕ ಆಷಾಢ, ನಿಜ ಆಷಾಢ ಎಂದು ಎರಡು ದಯಪಾಲಿಸಿದರು. ಎರಡೂ ಮುಗಿದವು, ಶ್ರಾವಣ ಬಂತು, ಗೌರಿ ಬಂದಳು, ನೀವೂ ಬಂದಿರಿ. ನಾನು ಮಾತ್ರ ಹೊರಗೆ ಬರಲಿಲ್ಲ. ‘ಗೌರಿನೇ ತವರಿಗೆ ಬಂದು ಒಂದೇ ದಿನಕ್ಕೆ ವಾಪಸ್ ಓಯ್ತಾಳೆ, ಇವಳೇನು ಗೌರಿಗಿಂತ ದೊಡ್ಡೋಳಾ?’ ಎಂದು ನೀವು ಅವ್ವನನ್ನು ಕೇಳಿದ್ದು ನನ್ನ ಕಿವಿಗೆ ಬಿತ್ತು. ಅರ್ಧ ಒಬ್ಬಟ್ಟು ಎಲೆಯಲ್ಲೇ ಬಿಟ್ಟು ಎದ್ದದ್ದು, ಚಪ್ಪಲಿ ಮೆಟ್ಟಿ ಹೋದದ್ದು, ಎಲ್ಲವೂ ಕೇಳಿಸಿತು.

ನಾನೆಲ್ಲಿದ್ದೆ ಎಂದು ಈಗ ಹೇಳುತ್ತೇನೆ. ಹಿತ್ತಲ ಕೊನೆಯ ತಗಡಿನ ಬಾಗಿಲ ಹಿಂದೆ, ಸೆರಗು ಬಾಯಿಗೆ ತುರುಕಿಕೊಂಡು ಕುಳಿತಿದ್ದೆ. ನಿಮ್ಮ ಜೊತೆ ಬರಲಾರೆ ಎಂದು ಅವ್ವನ ಬಾಯಲ್ಲಿ ಹೇಳಿಸಿದ್ದು ನಿಮ್ಮನ್ನು ಬೇಡವೆಂದಲ್ಲ. ಹನೂರಿನಿಂದ ನಿಮ್ಮ ಕೊಳ್ಳೇಗಾಲಕ್ಕೆ ಬಸ್ಸಿನಲ್ಲಿ ಒಂದು ಗಂಟೆ. ನನ್ನ ಹೊಟ್ಟೆ ನನಗೆ ಕಾಲು ಗಂಟೆಯ ಬಿಡುವೂ ಕೊಡುತ್ತಿರಲಿಲ್ಲ. ಲೋಳೆಯ ಜೊತೆ ರಕ್ತ ಹೋಗುತ್ತಿತ್ತು. ಸಂಕ್ರಾಂತಿ ಕಳೆದಾಗಿನಿಂದಲೂ ಹೋಗುತ್ತಿತ್ತು.

ನೋಡಿ, ಬರೆದುಬಿಟ್ಟೆ. ಆಕಾಶ ಬೀಳಲಿಲ್ಲ. ನುಗ್ಗೆಮರ ನಿಂತಲ್ಲೇ ನಿಂತಿದೆ.

ನಿಮಗೆ ಹೇಳಲು ಒಮ್ಮೆ ಬಾಯಿ ತೆರೆದದ್ದುಂಟು. ‘ನಿಮ್ಮ ಹತ್ತಿರ ಕರುಳಿನ ಮಾತೊಂದು ಆಡಬೇಕು’ ಎಂದೆ. ನೀವು ಮೀಸೆ ತಿರುವಿಕೊಂಡು, ಕಣ್ಣು ಸಣ್ಣದು ಮಾಡಿಕೊಂಡು ಹತ್ತಿರ ಸರಿದಿರಿ. ಆ ಮುಖಕ್ಕೆ ಲೋಳೆಯ ವಿಷಯ ಹೇಗೆ ಹೇಳಲಿ? ಕನ್ನಡ ಐಚ್ಛಿಕ ತೆಗೆದುಕೊಂಡು ಬಿ.ಎ. ಮಾಡಿದವಳಿಗೆ ಅಂದು ತಿಳಿಯಿತು, ನಮ್ಮ ಭಾಷೆಯಲ್ಲಿ ಕರುಳಿಗೆ ಪ್ರೀತಿಯನ್ನು ಕಟ್ಟಿದವರು ಕರುಳಿನ ನೋವಿಗೆ ಒಂದು ಮರ್ಯಾದೆಯ ಮಾತನ್ನು ಕಟ್ಟಿಕೊಡಲಿಲ್ಲ. ಜೊತೆಗೆ ಹೆದರಿಕೆ. ‘ರೋಗದ ಹೆಣ್ಣನ್ನು ಗಂಟುಹಾಕಿದರು’ ಎಂದು ನಾಳೆ ಯಾರಾದರೂ ಅವ್ವನ ಎದುರು ನಿಂತು ಅಂದರೆ? ಅವಳಿಗೆ ತಿಳಿದು ಮಾಡಿದ್ದಲ್ಲ. ಮದುವೆಯ ದಿನ ನನಗೂ ಈ ರೋಗವಿರಲಿಲ್ಲ. ಇಷ್ಟನ್ನು ದಯವಿಟ್ಟು ನಂಬಿ.

ನಿಮ್ಮ ಮನೆ ರೇಷ್ಮೆ ಬೇಯಿಸುವ ಮನೆ. ಹುರಿ ಹಾಕಿದ ಕಚ್ಚಾ ನೂಲು ಬರುವಾಗ ತೆಂಗಿನ ನಾರಿನಂತೆ ಬಿರುಸಾಗಿರುತ್ತದೆ. ಅತ್ತೆಯವರು ಅದನ್ನು ಲಡಿ ಲಡಿಯಾಗಿ ಕಟ್ಟಿ ಕೋಲಿಗೆ ಇಳಿಬಿಟ್ಟು, ಸಾಬೂನು ನೀರು ಕುದಿಯುವ ಹಂಡೆಯಲ್ಲಿ ಅದ್ದಿ ಅದ್ದಿ ಎತ್ತಿದರೆ, ಹುಳು ಮೆತ್ತಿದ ಅಂಟೆಲ್ಲ ಕರಗಿ, ನೂಲು ಬೆಳುದಿಂಗಳಾಗಿ ಮೇಲೆ ಬರುತ್ತದೆ. ಮೊದಲ ಸಲ ನೋಡಿದಾಗ ನಾನು ಬಾಯಿಬಿಟ್ಟುಕೊಂಡು ನಿಂತಿದ್ದೆ. ‘ಬಾಯ್ ಮುಚ್ಕಳವ್ವ, ಅಬೆ ಒಳಿಕ್ಕೆ ಓಯ್ತದೆ’ ಎಂದಿದ್ದರು ಅತ್ತೆ. ಆ ಹಬೆಯಲ್ಲಿ ನಿಮ್ಮ ಮನೆ ಅರ್ಧ ಕಾಣುತ್ತದೆ, ಅರ್ಧ ಕಾಣುವುದಿಲ್ಲ. ನನ್ನ ಸಂಸಾರವೂ ಅಷ್ಟೇ, ಹಬೆಯೊಳಗೆ ಶುರುವಾಯಿತು.

ಆದರೆ ನಿಮ್ಮಲ್ಲಿ ಅಂಟು ಬಿಡಿಸುವುದು ನೂಲಿನದ್ದು ಮಾತ್ರವಲ್ಲ. ಅಮಾವಾಸ್ಯೆ ಬಂದರೆ ಹಂಡೆಗೆ ರಜೆ, ಹೊಟ್ಟೆಗೆ ಕೆಲಸ. ಬೆಳಿಗ್ಗೆ ಎದ್ದ ಕೂಡಲೇ ಮನೆಮಂದಿಗೆಲ್ಲ ಬಿಸಿ ಕರಿಕಾಫಿಯಲ್ಲಿ ಹರಳೆಣ್ಣೆ. ‘ನೂಲಾದ್ರೇನು, ಕರ್ಳಾದ್ರೇನು? ಅಂಟು ಬುಟ್ರೇನೇ ವಳಪು ಬರೋದು ಕಣವ್ವ’ ಎಂಬುದು ಅತ್ತೆಯವರ ಸಿದ್ಧಾಂತ. ನಿಮಗೆ ಅದು ಹುಟ್ಟಿದಾರಭ್ಯ ಒಗ್ಗಿತ್ತು. ಬಿಸಿಲೇರುವುದರೊಳಗೆ ಹಗುರಾಗಿ ಸಿಳ್ಳೆ ಹಾಕುತ್ತಿದ್ದಿರಿ. ನಾನು ಹೊಟ್ಟೆಯಲ್ಲಿ ಲೋಳೆ ಹೋಗುತ್ತಿದೆ ಎಂದು ಅತ್ತೆಯವರಿಗಷ್ಟೇ ಮೆಲ್ಲಗೆ ಹೇಳಿದೆ. ಕೆಂಪಿನ ಸಂಗತಿ ನುಂಗಿಕೊಂಡೆ. ‘ನೋಡ್ದಾ! ಎಷ್ಟೊಂದ್ ಅಂಟು ಕೂಡಾಕ್ಕಂಡಿದ್ದೀಯ ಒಳ್ಗೆ! ಅನೂರ್ ನೀರು, ನೀನಾದ್ರೂ ಏನ್ ಮಾಡೀಯೆ’ ಎಂದು ಮರುಗಿದರು. ಅಮಾವಾಸ್ಯೆಯ ತೀರ್ಥ ಹುಣ್ಣಿಮೆಗೂ ಸಿಗತೊಡಗಿತು, ಆಮೇಲೆ ನಡುವಿನ ಏಕಾದಶಿಗೂ. ಅವರ ಕಣ್ಣಿನಲ್ಲಿ ಸಿಟ್ಟಿರಲಿಲ್ಲ, ಮಗಳ ತಲೆ ಬಾಚುವವರ ಮಮತೆ ಇತ್ತು. ಸಿಟ್ಟಿನಿಂದ ಕೊಟ್ಟಿದ್ದರೆ ಚೆಲ್ಲಬಹುದಿತ್ತು. ಪ್ರೀತಿಯಿಂದ ಕೊಟ್ಟದ್ದನ್ನು ಕುಡಿಯಲೇಬೇಕಾಯಿತು.

ಕುಡಿದಷ್ಟೂ ಓಟ. ಓಡುವ ದಾರಿಯೋ ಒಲೆಗಳ ಸಾಲಿನ ಮುಂದೆ, ನೂಲು ಹಿಂಡುವ ಹೆಂಗಸರ ಕಣ್ಣೆದುರು. ‘ಏನವ್ವಾ ಮಾದೇಶಪ್ಪನ ಎಂಡ್ತೀ, ಇತ್ಲಲ್ಲೇ ಸಂಸಾರ ಊಡ್ಬುಟ್ಟಾ?’ ಎಂದು ಒಬ್ಬಳು ಕೇಳಿದರೆ ಒಲೆಗಳೂ ಸೇರಿ ನಕ್ಕಂತೆ ಆಗುತ್ತಿತ್ತು. ಆಷಾಢ ಬಂದಾಗ ಎಲ್ಲ ಹೊಸ ಸೊಸೆಯರೂ ಅತ್ತರು, ನಾನೊಬ್ಬಳು ಬಸ್ಸಿನಲ್ಲಿ ಕಣ್ಣುಮುಚ್ಚಿ ದೇವರಿಗೆ ಕೈಮುಗಿದೆ. ಆ ಸಲದ ಪ್ರಯಾಣ ಹೇಗೋ ಮುಗಿಯಿತು. ಮುಂದಿನದಕ್ಕೆ ನನಗೆ ಧೈರ್ಯವಾಗಲಿಲ್ಲ.

ಗೌರಿಹಬ್ಬದ ದಿನ ನೀವು ಹೋದ ಮೇಲೆ ತಗಡಿನ ಬಾಗಿಲು ತೆಗೆದವಳು ಅಲ್ಲೇ ಕುಸಿದೆ. ಅವ್ವ ಬಂದು ನೋಡಿದಳು. ಸೀರೆ ನೋಡಿದಳು. ‘ಇಷ್ಟ್ ದಿನ ಬಾಯ್ಬುಡ್ನಿಲ್ವಲ್ಲೇ ಮೂದೇವಿ!’ ಎಂದು ಬೈದಳು. ಅವಳಿಗೆ ಭಯವಾದರೆ ಬರುವುದು ಬೈಗುಳವೇ. ಅಂದೇ ಶಾಗ್ಯದ ಸೋದರಮಾವನಿಗೆ ಹೇಳಿಕಳಿಸಿದಳು. ಅವನ ಬಾಡಿಗೆ ಅಂಬಾಸಿಡರಿನಲ್ಲಿ ಮಾರನೆಯ ಬೆಳಿಗ್ಗೆಯೇ ಮೈಸೂರಿಗೆ ಹೊರಟೆವು. ಆ ರಸ್ತೆಯ ಹುಣಿಸೆಮರಗಳಲ್ಲಿ ಬಹುಪಾಲು ಈಗ ನನ್ನ ಆಪ್ತರು. ಒಂದೊಂದರ ಹಿಂದೆಯೂ ಹೋಗಿ ಮಾತಾಡಿಸಿ ಬಂದಿದ್ದೇನೆ.

ಕೊಳ್ಳೇಗಾಲ ದಾಟುವಾಗ ಇನ್ನೂ ಮಬ್ಬಿತ್ತು. ನಿಮ್ಮ ಬೀದಿಯ ಮೂಲೆಯಲ್ಲಿ ಮಂಜು ಯಾವುದು, ಹಬೆ ಯಾವುದು ತಿಳಿಯುತ್ತಿರಲಿಲ್ಲ. ಬೇಯುವ ರೇಷ್ಮೆಯ ವಾಸನೆ ಕಾರಿನೊಳಗೆ ಬಂತು. ಮಾವ ಮೂಗು ಮುಚ್ಚಿಕೊಂಡ. ನನಗೆ ಅದು ನಿಮ್ಮ ಅಂಗಿಯ ವಾಸನೆ. ಸೆರಗು ತಲೆಗೆಳೆದುಕೊಂಡು, ಯಾರಿಗೂ ಕಾಣದ ಹಾಗೆ, ಉಸಿರು ತುಂಬಿಕೊಂಡೆ.

ಮೈಸೂರಿನ ಆಸ್ಪತ್ರೆಯಲ್ಲಿ ನನಗೆ ಸಿಕ್ಕವರು ಒಬ್ಬ ಡಾಕ್ಟರಮ್ಮ. ದೀಪ ಕಟ್ಟಿದ ಸಣ್ಣ ಕೊಳವೆಯನ್ನು ಒಳಗೆ ಬಿಟ್ಟು ಕರುಳನ್ನು ನೋಡಬೇಕು ಎಂದರು. ಎದುರಿಗೆ ಪುಟ್ಟ ಟೀವಿ. ‘ಭಯ ಬೇಡಮ್ಮ, ಅರೆನಿದ್ದೆ ಬರುತ್ತೆ’ ಎಂದು ಸೂಜಿ ಚುಚ್ಚಿದರು. ಬಂದದ್ದು ಅರೆನಿದ್ದೆಯೇ, ಆದರೆ ಕನಸು ಮಾತ್ರ ಪೂರ್ತಿ.

ನಾನೊಂದು ಗೂಡಿನೊಳಗಿದ್ದೆ. ಸುತ್ತಲೂ ಗುಲಾಬಿ ಗೋಡೆ, ಮಡಿಕೆ ಮಡಿಕೆಯಾಗಿ ಬಿದ್ದ ಸೀರೆಯ ನೆರಿಗೆಯಂತೆ. ಬೆಳಕು ಎಲ್ಲಿಂದಲೋ ತೇಲಿ ಬರುತ್ತಿತ್ತು. ಗೋಡೆಯ ಮೈಮೇಲೆ ಹಸಿ ಹಸಿ ಹೊಳಪಿನ ಒಂದು ಪೊರೆ, ಲೋಳೆಸರದ ತಿರುಳಿನಂತೆ ನುಣುಪು. ಪೊರೆಯ ಈಚೆಗೆ ಜಾತ್ರೆಯಷ್ಟು ಜನ, ಸಾಸಿವೆಗಿಂತ ಸಣ್ಣವರು, ಉಣ್ಣುತ್ತಿದ್ದಾರೆ, ಜಗಳವಾಡುತ್ತಿದ್ದಾರೆ, ಮಕ್ಕಳನ್ನು ಹೆರುತ್ತಿದ್ದಾರೆ. ಒಬ್ಬರಾದರೂ ಗೋಡೆ ಮುಟ್ಟುತ್ತಿಲ್ಲ. ಗೋಡೆಗೆ ನಿದ್ದೆ. ನಾನು ತೇಲುತ್ತಾ ಮುಂದೆ ಹೋದೆ. ಅಲ್ಲೊಂದು ಕಡೆ ಪೊರೆ ಹರಿದಿತ್ತು. ಗೋಡೆ ಬತ್ತಲೆಯಾಗಿ, ಕೆಂಪಾಗಿ ಎಚ್ಚರಾಗಿ ಕೂತಿತ್ತು. ಅಷ್ಟರಲ್ಲಿ ಗೂಡು ಹಂಡೆಯಾಯಿತು. ಅತ್ತೆಯವರು ನನ್ನನ್ನೇ ಲಡಿ ಮಾಡಿ ಕೋಲಿಗೆ ಹಾಕಿ ಅದ್ದುತ್ತಿದ್ದರು. ‘ಅತ್ತೆ, ಸಾಕು’ ಎಂದೆ. ‘ಇನ್ನೊಂಚೂರು ವಳಪು ಬರ್ಲಿ ತಡಿ’ ಎಂದರು. ನೋವಿರಲಿಲ್ಲ. ನಾನು ತೆಳ್ಳಗಾಗುತ್ತಾ, ಬೆಳ್ಳಗಾಗುತ್ತಾ, ಹಬೆಯಲ್ಲಿ ಕಾಣದಾಗುತ್ತಿದ್ದೆ. ಹಂಡೆಯ ಆಚೆ ನೀವು ನಿಂತಿದ್ದಿರಿ. ಯಾರನ್ನೋ ಹುಡುಕುವವರಂತೆ ನೋಡುತ್ತಿದ್ದಿರಿ.

ಎಚ್ಚರವಾದಾಗ ನಾನು ಕೇಳಿದ ಮೊದಲ ಮಾತು, ‘ಡಾಕ್ಟ್ರೇ, ಅಂಟೆಲ್ಲ ಹೋಯ್ತಾ?’

ಅವರು ಕೈ ಒರೆಸಿಕೊಳ್ಳುತ್ತಾ ನನ್ನನ್ನೇ ನೋಡಿದರು. ‘ಹೋಗಿದೆಯಮ್ಮ. ತೊಂದರೆ ಆಗಿರೋದೇ ಅದರಿಂದ’ ಎಂದರು.

ಕುರ್ಚಿ ಎಳೆದುಕೊಂಡು ಕುಳಿತು ವಿವರಿಸಿದರು. ನನಗೆ ಅರ್ಥವಾದಷ್ಟನ್ನು ನಿಮಗೆ ಹೇಳುತ್ತೇನೆ. ದೊಡ್ಡ ಕರುಳಿನ ಒಳಗೋಡೆ ಬತ್ತಲೆ ಇರುವುದಿಲ್ಲವಂತೆ. ಅದರ ಮೈಯಲ್ಲಿ ಪುಟ್ಟ ಬಟ್ಟಲಿನಂಥ ಕಣಗಳಿವೆ. ಅವು ಹಗಲಿರುಳು ಲೋಳೆ ಸುರಿಸಿ ಗೋಡೆಗೆ ಹೊದಿಕೆ ಮಾಡುತ್ತವೆ. ಕರುಳಿನೊಳಗೆ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳ ವಾಸ. ಅವು ಕಳ್ಳರೇನಲ್ಲ, ಬಾಡಿಗೆದಾರರು. ತಿಂದದ್ದರಲ್ಲಿ ಪಾಲು ತೆಗೆದುಕೊಂಡು ನಮಗೂ ಒಂದಿಷ್ಟು ಕೆಲಸ ಮಾಡಿಕೊಡುತ್ತವೆ. ನಡುವೆ ಹೊದಿಕೆ ಇರುವ ತನಕ ಗೋಡೆಯೂ ಅವೂ ಒಳ್ಳೆಯ ನೆರೆಹೊರೆ. ಹೊದಿಕೆ ತೆಳುವಾಗಿ ಹರಿದಲ್ಲಿ ಅವು ನೇರ ಗೋಡೆಗೆ ತಾಗುತ್ತವೆ. ರಕ್ತದಲ್ಲಿರುವ ಕಾವಲಿನವರು ಕಳ್ಳ ಬಂದನೆಂದು ದೊಣ್ಣೆ ಹಿಡಿದು ಓಡಿಬರುತ್ತಾರೆ. ಬಂದವರು ಕಳ್ಳನನ್ನೂ ಹೊಡೆದರು, ಮನೆಯನ್ನೂ ಒಡೆದರು. ಅದೇ ಉರಿ, ಅದೇ ಹುಣ್ಣು, ಅದೇ ರಕ್ತ. ನನ್ನ ಕರುಳಿನ ಚೂರು ತೆಗೆದು ಪರೀಕ್ಷೆ ಮಾಡಿದರು. ಬಟ್ಟಲುಗಳೇ ಕಡಿಮೆಯಾಗಿವೆಯಂತೆ.

‘ಹಾಗಾದರೆ ಹೊರಗೆ ಹೋಗುತ್ತಿದ್ದ ಲೋಳೆ ಕಸವಲ್ಲವಾ?’ ಎಂದೆ.

‘ಕಸ ಅಲ್ಲಮ್ಮ. ಗಾಯಗೊಂಡ ಗೋಡೆಯಿಂದ ಕಿತ್ತುಬರ್ತಾ ಇರೋ ಹೊದಿಕೆ. ನೀವು ಅದನ್ನ ಇನ್ನಷ್ಟು ತೊಳೆದು ಕಳಿಸ್ತಾ ಇದ್ರಿ.’

ಅತ್ತೆಯವರ ಎಣ್ಣೆಯಿಂದ ಈ ರೋಗ ಬಂದದ್ದಲ್ಲ, ಅದನ್ನೂ ಕೇಳಿಕೊಂಡೆ. ಯಾತರಿಂದ ಬರುತ್ತದೆಂದು ದೊಡ್ಡ ದೊಡ್ಡವರಿಗೂ ಪೂರ್ತಿ ತಿಳಿದಿಲ್ಲವಂತೆ. ಆದರೆ ಬಂದ ಮೇಲೆ ಭೇದಿಗೆ ಕೊಡುವುದು ಹುಣ್ಣಾದ ಬೆನ್ನನ್ನು ನಾರಿನಿಂದ ಉಜ್ಜಿದ ಹಾಗೆ. ಮತ್ತೊಂದನ್ನು ನೀವು ಜೋರಾಗಿ ಓದಿಕೊಳ್ಳಿ. ಇದು ಅಂಟುರೋಗವಲ್ಲ, ಅಂಟಿಲ್ಲದ ರೋಗ. ನನ್ನ ತಟ್ಟೆಯಲ್ಲಿ ಉಂಡರೂ ನಿಮಗೆ ಬರುವುದಿಲ್ಲ.

ನೀವು ಮಾತಿಗಿಂತ ನೂಲನ್ನು ಬೇಗ ನಂಬುವವರು. ಅದಕ್ಕೇ ನೂಲಿನ ಭಾಷೆಯಲ್ಲೇ ಹೇಳುತ್ತೇನೆ. ಮದುವೆಯಾದ ಹೊಸತರಲ್ಲಿ ಅತ್ತೆಯವರು ಸತ್ತೇಗಾಲಕ್ಕೆ ಸೀಮಂತಕ್ಕೆಂದು ಹೋಗಿ ಹಂಡೆಯನ್ನು ನಿಮಗೆ ಒಪ್ಪಿಸಿದ್ದರು. ನಾನು ಒಲೆಯ ಮುಂದೆ ಕುಳಿತು ಕಾಲೇಜಿನ ಕಥೆ ಹೇಳಿದೆ. ನೀವು ನಗುತ್ತಾ ನಗುತ್ತಾ ಲಡಿ ಎತ್ತುವುದನ್ನೇ ಮರೆತಿರಿ. ಬೆಂದದ್ದು ಹೆಚ್ಚಾಯಿತು. ಯಳಂದೂರಿನ ನೇಕಾರ ಪುಟ್ಟಸಿದ್ದಯ್ಯ ಅದನ್ನು ಹಿಡಿದುಕೊಂಡು ಬಂದು, ‘ಸಾ, ಇದೇನು ನೂಲಾ, ಬೆಕ್ಕಿನ್ ಬಾಲವಾ? ಮಗ್ಗಕ್ಕಾಕುದ್ರೆ ಬರೀ ಕೂದ್ಲು ಏಳ್ತದೆ, ಮುಟ್ಟುದ್ರೆ ಕಿತ್ತೋಯ್ತದೆ’ ಎಂದು ಜಗುಲಿಯ ಮೇಲೆ ಇಟ್ಟುಹೋದ. ಅತ್ತೆ ಏನಂದರು ನೆನಪಿದೆಯೆ? ‘ಅಂಟು ತೆಗ್ಯಾದಷ್ಟೇ ಅಲ್ಲ ಕಣ್ಲಾ ಮಾದೇಶ, ಎಲ್ಲಿ ನಿಲ್ಲುಸ್ಬೇಕು ಅನ್ನಾದು ತಿಳ್ಕಬೇಕು.’ ನನ್ನ ಡಾಕ್ಟರಮ್ಮನೂ ಅತ್ತೆಯವರೂ ಹೇಳುವುದು ಒಂದೇ. ಸೀರೆಗೆ ಹೋಗುವ ನೂಲಿಗೆ ಅಂಟು ಬೇಡ, ನಿಜ. ಆದರೆ ಹುಳು ಮೊದಲು ಅಂಟು ಮೆತ್ತದೆ ಹೋದರೆ ಗೂಡೇ ನಿಲ್ಲುವುದಿಲ್ಲ. ನನ್ನ ಕರುಳು ಸೀರೆಗೆ ಹೋಗುವ ನೂಲಲ್ಲ, ಇನ್ನೂ ಗೂಡು ಕಟ್ಟಿಕೊಂಡಿರುವ ನೂಲು. ಅದಕ್ಕೆ ಅದರ ಅಂಟು ಬೇಕು.

ಈಗ ಹೇಗಿದ್ದೇನೆ ಎಂದರೆ, ಮಾತ್ರೆಗಳು ನಡೆಯುತ್ತಿವೆ. ರಕ್ತ ನಿಂತಿದೆ. ಊಟ ರುಚಿಸುತ್ತಿದೆ. ಅತಿಯಾಗಿ ರುಚಿಸುತ್ತಿದೆ ಎಂದು ಅವ್ವನ ದೂರು. ಒಂದು ಮಾತ್ರೆಯ ಗುಣವೇ ಹಾಗಂತೆ, ಹಸಿವು ಹೆಚ್ಚಿಸಿ ಮುಖ ಊದಿಸುತ್ತದೆ. ಹೆಣ್ಣು ನೋಡಲು ಬಂದಾಗ ನಿಮ್ಮ ಕಡೆಯವರು ಯಾರೋ ‘ಚಂದ್ರಮುಖಿ’ ಎಂದು ಹೊಗಳಿದ್ದರಲ್ಲ, ಆಗ ಅದು ಉತ್ಪ್ರೇಕ್ಷೆ, ಈಗ ಸ್ವಭಾವೋಕ್ತಿ. ಹುಣ್ಣಿಮೆಯೇ ಬೈತಲೆ ತೆಗೆದು ಕುಂಕುಮ ಇಟ್ಟುಕೊಂಡಂತಿದ್ದೇನೆ. ಆ ಮಾತ್ರೆಯನ್ನು ಮೆಲ್ಲಮೆಲ್ಲಗೆ ಇಳಿಸಿ ನಿಲ್ಲಿಸುತ್ತಾರೆ. ಆಗ ಕೃಷ್ಣಪಕ್ಷ ಶುರುವಾಗಿ ಹಳೆಯ ಮುಖ ಮರಳಬಹುದು.

ಇನ್ನು ಹಾಸ್ಯವಿಲ್ಲದ ಒಂದು ಪ್ಯಾರಾ. ‘ಪೂರ್ತಿ ವಾಸಿಯಾಗುತ್ತಾ?’ ಎಂದು ಅವ್ವ ಕೇಳಿದಾಗ ಡಾಕ್ಟರಮ್ಮ ಹೌದು ಎನ್ನಲಿಲ್ಲ. ‘ಮಲಗಿಸಬಹುದು, ಎದ್ದರೆ ಮತ್ತೆ ಮಲಗಿಸಬಹುದು’ ಎಂದರು. ವರ್ಷಗಟ್ಟಲೆ ಮಾತ್ರೆ ಬೇಕಾದೀತು. ಆಗಾಗ ಮೈಸೂರಿಗೆ ಹೋಗಬೇಕು. ಮಕ್ಕಳಾಗುವುದಕ್ಕೆ ಅಡ್ಡಿಯಿಲ್ಲ, ಆದರೆ ರೋಗ ಮಲಗಿರುವಾಗ ಆಗಲಿ ಎಂದರು. ಇದನ್ನು ಮುಚ್ಚಿಟ್ಟುಕೊಂಡು ನಿಮ್ಮ ಹೊಸ್ತಿಲು ದಾಟಲು ನನಗೆ ಮನಸ್ಸಿಲ್ಲ. ನಿಮಗೆ ಬೇಕಾದದ್ದು ಗಟ್ಟಿಮುಟ್ಟಾದ ಹೆಂಡತಿಯಾದರೆ, ಸಂಕೋಚಪಡದೆ ಹೇಳಿಬಿಡಿ. ಟ್ರಂಕನ್ನು ಕಳಿಸಿ, ಅದರ ಬೀಗದ ಕೈ ನನ್ನಲ್ಲೇ ಇದೆ. ನಾನು ಅತ್ತರೂ ನುಗ್ಗೆಮರಕ್ಕಷ್ಟೇ ಗೊತ್ತಾಗುತ್ತದೆ.

ನಾನಿರಲಿ ಎಂದಾದರೆ ನಾನು ಕೇಳುವುದು ದೊಡ್ಡದೇನಲ್ಲ. ಅಮಾವಾಸ್ಯೆಯ ಲೋಟ ನನ್ನ ಮುಂದೆ ಬಾರದಿರಲಿ. ಒಲೆಗಳ ಮುಂದೆ ಹಾಯದ ಹಾಗೆ ಪಕ್ಕದ ಗೋಡೆಗುಂಟ ಹಿತ್ತಲಿಗೆ ಒಂದು ಕಾಲುದಾರಿ ಬಿಡಿಸಿ, ಅಲ್ಲಿಟ್ಟಿರುವ ಸೌದೆಯನ್ನು ಜರುಗಿಸಿದರೆ ಸಾಕು. ಮತ್ತು ನಾನು ಓಡಿದಾಗ ನೀವು ನಗಬೇಡಿ. ಅಥವಾ ನಾನೇ ಮೊದಲು ನಕ್ಕರೆ ಆಮೇಲೆ ನಗಿ. ಅತ್ತೆಯವರಿಗೆ ಇದನ್ನು ಹೇಗೆ ಹೇಳುವುದೋ ನನಗಿನ್ನೂ ತಿಳಿದಿಲ್ಲ. ಅವರ ಪ್ರೀತಿಯನ್ನು ವಾಪಸ್ ಕೊಡದೆ ಅವರ ಎಣ್ಣೆಯನ್ನಷ್ಟೇ ವಾಪಸ್ ಕೊಡುವ ಮಾತು ಯಾವ ನಿಘಂಟಿನಲ್ಲೂ ಸಿಗಲಿಲ್ಲ.

ಮಧ್ಯಾಹ್ನದ ಬಿಸಿಲು ನುಗ್ಗೆ ಎಲೆಗಳ ಸಂದಿಯಿಂದ ಕಾಗದದ ಮೇಲೆ ಚುಕ್ಕಿ ಚುಕ್ಕಿಯಾಗಿ ಬಿದ್ದಿದೆ. ಬರೆದ ಅಕ್ಷರಗಳು ಬೆಳಕಿಗೊಮ್ಮೆ ನೆರಳಿಗೊಮ್ಮೆ ಅಲ್ಲಾಡುತ್ತಿವೆ. ಹೊಟ್ಟೆಯೊಳಗೆ ಎಲ್ಲೋ ಪುಟ್ಟ ಬಟ್ಟಲುಗಳು ಸದ್ದಿಲ್ಲದೆ ತುಂಬುತ್ತಿವೆ ಎಂದುಕೊಂಡರೆ ನಿದ್ದೆ ಬಂದಂತಾಗುತ್ತದೆ. ಅವು ನನ್ನನ್ನು ಕೇಳಿ ತುಂಬುವುದಿಲ್ಲ. ನೀವೂ ಅಷ್ಟೇ, ಕೇಳದೆಯೇ ಬಂದು ಒಳಗೆ ತುಂಬಿಕೊಂಡವರು.

ಇನ್ನೂ ನಿಮ್ಮವಳೇ ಆಗಿರುವ,
ಯಶೋದ

ಮರೆತ ಮಾತು: ಇದನ್ನು ಅಂಚೆಗೆ ಹಾಕಲಿಲ್ಲ. ಇಂದು ಶುಕ್ರವಾರ. ಈ ಸಾಲುಗಳನ್ನು ನಿಮ್ಮ ಮನೆಯ ಜಗುಲಿಯ ಮೇಲೆ ಕುಳಿತು ಬರೆಯುತ್ತಿದ್ದೇನೆ. ಪುಟ್ಟಮಾದಪ್ಪನ ಬಸ್ಸಿನಲ್ಲೇ ಬಂದೆ, ನಡುವೆ ಎಲ್ಲೂ ನಿಲ್ಲಿಸಿ ಎನ್ನದೆ. ನೀವು ಯಳಂದೂರಿಗೆ ನೂಲು ಕೊಡಲು ಹೋಗಿದ್ದಿರಿ. ಅತ್ತೆಯವರು ನಾನು ಟ್ರಂಕಿಗೆ ಬಂದೆನೆಂದು ಮುಖ ತಿರುಗಿಸಿದವರು, ಮತ್ತೆ ತಿರುಗಿ, ‘ಇದ್ಯಾಕವ್ವಾ ಮಖ ಇಂಗ್ ಊದ್ಕಂಡದೆ?’ ಎಂದರು. ಹೇಳಿದೆ. ಒಂದೂ ಚಟಾಕಿ ಹಾರಿಸದೆ, ಎಲ್ಲವನ್ನೂ. ‘ನೆತ್ರ ಓಯ್ತಿತ್ತು ಅಂತ ಒಂದ್ ಮಾತು ಯೋಳ್ಬಾರ್ದಿತ್ತಾ ಮಗ, ನಾನೇನ್ ರಾಕ್ಸಿನಾ?’ ಎಂದು ನನ್ನ ಕೈ ಹಿಡಿದುಕೊಂಡು ಅತ್ತರು. ಈಗ ಹಿಂದೆ ಸೌದೆ ಎತ್ತಿಹಾಕುವ ಸದ್ದು ಕೇಳುತ್ತಿದೆ, ‘ಬಿರ್ ಬಿರ್ನೆ ತಗೀರಮ್ಮಿ ಅತ್ಲಾಗೆ’ ಎಂಬ ಗದರಿಕೆಯೂ.

ನೀವು ಈಗಷ್ಟೇ ಬಂದು, ನನ್ನನ್ನು ನೋಡಿಯೂ ನೋಡದವರಂತೆ ಒಳಗೆ ಹೋದಿರಿ. ಈ ಕಾಗದವನ್ನು ನಿಮ್ಮ ಕೈಗೆ ತಂದುಕೊಡುವವರು ಅತ್ತೆಯವರೇ. ಅವರಿಗೆ ಓದಲು ಬರುವುದಿಲ್ಲ, ಆದರೆ ಇದರಲ್ಲಿರುವುದೆಲ್ಲ ಗೊತ್ತು. ಈ ಮನೆಯಲ್ಲಿ ಗೊತ್ತಿಲ್ಲದವರು ನೀವೊಬ್ಬರೇ. ಓದಿ ಮುಗಿಸಿ ಹೊರಗೆ ಬನ್ನಿ. ‘ಊಟ ಮಾಡ್ದಾ?’ ಎಂದರೆ ಉಳಿಯುತ್ತೇನೆ. ‘ಬಸ್ಸು ಎಷ್ಟೊತ್ತಿಗೆ?’ ಎಂದರೆ ಹೊರಡುತ್ತೇನೆ. ಮಾತು ಹೊರಡದಿದ್ದರೆ ಸುಮ್ಮನೆ ಬಂದು ಕುಳಿತರೂ ಆದೀತು. ಪಕ್ಕದಲ್ಲಿ ಜಾಗ ಬಿಟ್ಟೇ ಕುಳಿತಿದ್ದೇನೆ.